ಚಮಚ ಬೇಡವೆಂದ ಕಂದ

ಚೆನ್ನೈನ ಪುರಸೈವಾಕ್ಕಂನಲ್ಲಿ ನಮ್ಮ ಮನೆ. ಮೊಮ್ಮಗಳಿಗೆ ಆರು ತಿಂಗಳು ತುಂಬಿತು. ತಾಯಿಹಾಲಿನ ಜೊತೆಗೆ ಮೆತ್ತನೆಯ ಆಹಾರ ಶುರುಮಾಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಯಸ್ಸೂ ಅದೇ.

ಸೊಸೆ ರಾಗಿ ಸರಿ ಕಾಯಿಸಿ, ಆರಿಸಿ, ಚಮಚ ಹಿಡಿದಳು. ಮಗು ತುಟಿ ಬಿಗಿದು ಮುಖ ತಿರುಗಿಸಿತು. ಒಳಗೆ ಹೋದ ಚೂರನ್ನೂ ನಾಲಿಗೆಯೇ ಹೊರಗೆ ತಳ್ಳಿತು. ಕಾಗೆ ತೋರಿಸಿದೆವು, ಹಾಡು ಹೇಳಿದೆವು. ಊಹೂಂ!

ಎದುರು ಮನೆಯ ತಮಿಳು ಅಜ್ಜಿ ನಕ್ಕರು. "ಚಮಚ ಬಿಡಿ, ಮಗುವಿನ ಕೈಗೇ ಕೊಡಿ" ಅಂದರು.

ಮಗುವನ್ನು ನೆಟ್ಟಗೆ ಕೂರಿಸಿದೆವು. ಎರಡು ಬೆರಳಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಮೆತ್ತಗಿನ ಇಡ್ಲಿ ಚೂರು ಮುಂದಿಟ್ಟು, ಪಕ್ಕದಲ್ಲೇ ಕೂತೆವು. ಪುಟ್ಟ ಮುಷ್ಟಿ ಅದನ್ನು ಹಿಸುಕಿತು. ಗಲ್ಲಕ್ಕೆ ಮೆತ್ತಿತು. ಕೊನೆಗೆ ಬೆರಳು ಬಾಯಿಗೆ ಹೋಯಿತು. ಒಂದು ಕ್ಷಣ ಹುಬ್ಬು ಗಂಟು, ಆಮೇಲೆ ನಗು!

ಮರುದಿನ ಸೊಸೆ ತನ್ನ ಬೆರಳ ತುದಿಯಲ್ಲಿ ರಾಗಿ ಸರಿ ಹಿಡಿದಳು. ಮಗುವೇ ಬಾಯಿ ತೆರೆಯಿತು. ಚಮಚ ಆಟಿಕೆಯಾಗಿ ಕೈಯಲ್ಲಿತ್ತು.

ಹೊಸ ರುಚಿ ಒಗ್ಗಲು ಎಂಟು ಹತ್ತು ಸಲವಾದರೂ ಬೇಕಾಗಬಹುದು. ಇವತ್ತು ಬೇಡ ಅಂದದ್ದು ನಾಳೆಗೂ ಬೇಡವೆಂದಲ್ಲ. ಆದರೆ ದಿನಗಳು ಕಳೆದರೂ ಏನೂ ತಿನ್ನದಿದ್ದರೆ, ತೂಕ ಏರದಿದ್ದರೆ ವೈದ್ಯರಿಗೆ ತೋರಿಸಬೇಕು.

ನನಗೆ ಅನಿಸಿದ್ದು ಇಷ್ಟೆ. ಪ್ರೀತಿಯನ್ನೂ ನಾವು ಎಷ್ಟೋ ಸಲ ಬಾಯಿಗೆ ತುರುಕುತ್ತೇವೆ. ಬುದ್ಧಿಮಾತನ್ನೂ ಹಾಗೆಯೇ. ಎದುರಿಗಿಟ್ಟು, ಪಕ್ಕದಲ್ಲಿ ಕೂತು ಕಾಯುವುದೂ ಉಣಿಸುವುದೇ. ಕೊಡುವ ಕೈಗೆ ತಾಳ್ಮೆಯಿದ್ದರೆ, ಪಡೆಯುವ ಬಾಯಿ ತಾನಾಗಿ ತೆರೆಯುತ್ತದೆ.