ಒಂದು ಮೈ, ಏಳು ಜನ



ಲೆಕ್ಕಪತ್ರದವನನ್ನು ಕರೆದು ನಾಟಕದ ಬಗ್ಗೆ ಮಾತಾಡಿ ಎಂದಿದ್ದೀರಿ. ವ್ಯಾಟ್, ಕಾರ್ಪೊರೇಟ್ ಟ್ಯಾಕ್ಸ್ ಕೇಳಬೇಕಾದವರು ಊಟದ ಹೊತ್ತಿಗೆ ಸಿಗಿ, ಈಗ ಅದು ಬೇಡ.

ಹದಿನಾಲ್ಕು ತಿಂಗಳಿಂದ ನಾನೊಂದು ಏಕವ್ಯಕ್ತಿ ನಾಟಕದ ತಾಲೀಮು ಮಾಡುತ್ತಿದ್ದೇನೆ. ಕಥೆ ಸಣ್ಣದು. ಶಾರ್ಜಾದ ಒಂದು ಕೋಣೆ, ಒಂದರ ಮೇಲೊಂದು ಮಂಚ. 22 ವರ್ಷ ಗೌಂಡಿ ಕೆಲಸ ಮಾಡಿದ ಲಿಂಗಸುಗೂರು ಕಡೆಯ ಭೀಮಣ್ಣ ನಾಳೆ ಊರಿಗೆ ಹೊರಟಿದ್ದಾನೆ, ಇನ್ನು ವಾಪಸ್ ಬರುವುದಿಲ್ಲ. ಕೋಣೆಯಲ್ಲಿ ಅಡುಗೆ ಕೆಲಸದ ಕುಂದಾಪುರದ ಶೀನ, ಉಳ್ಳಾಲದ ಡ್ರೈವರ್ ಇಬ್ರಾಹಿಂ, ಬಂದು ಮೂರು ತಿಂಗಳಾದ ದಾವಣಗೆರೆಯ ಹುಡುಗ ಇದ್ದಾರೆ. ಸಂಜೆ ಕಂಪನಿಯ ಅಕೌಂಟೆಂಟ್ ಕೊನೆಯ ಲೆಕ್ಕ ತರುತ್ತಾನೆ. ಫೋನಿನ ಆಚೆ ಹೆಂಡತಿ ಮತ್ತು ಮಗಳು. ಏಳು ಜನ, ಒಂದು ಗಂಟೆ ಹತ್ತು ನಿಮಿಷ, ಮೈ ಮಾತ್ರ ಒಂದೇ.

ನಮ್ಮವರಿಗೆ ಇದೇನೂ ಹೊಸದಲ್ಲ. ಹರಿಕಥೆ ದಾಸರು ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುವಷ್ಟರಲ್ಲಿ ದ್ರೌಪದಿಯಿಂದ ದುಶ್ಶಾಸನನಿಗೆ ಹೋಗಿ ಬರುತ್ತಾರೆ. ನಮ್ಮ ಶಿರಸಿ ಕಡೆ ತಾಳಮದ್ದಳೆಯಲ್ಲಿ ಬಿಳಿ ಪಂಚೆ ಉಟ್ಟು ಕೂತ ಮೇಷ್ಟರು ಕೂತಲ್ಲೇ ಕೌರವನಾಗುತ್ತಾರೆ. ಸಿ.ಆರ್. ಸಿಂಹ 'ಟಿಪಿಕಲ್ ಟಿ.ಪಿ. ಕೈಲಾಸಂ' ಆಡಿ, ಒಬ್ಬನೇ ನಟ ಇಡೀ ಸಂಜೆ ಸಭೆಯನ್ನು ಹಿಡಿದಿಡಬಲ್ಲ ಎಂದು ತೋರಿಸಿದರು.

ನಾಟಕದ ವಿಷಯ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಏಳು ದನಿ ಮಾಡ್ತೀರಾ?" ದನಿ ಬದಲಿಸುವುದು ಮಿಮಿಕ್ರಿಯವರ ಕೆಲಸ. ಹತ್ತು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಕೇಳುವವರ ಕಿವಿ ದಣಿಯುತ್ತದೆ. ನಮ್ಮ ನಿರ್ದೇಶಕ ಗೋದಾಮಿನಲ್ಲಿ ಕೆಲಸ ಮಾಡುವ ಗೆಳೆಯ. ಮೊದಲ ಎರಡು ತಿಂಗಳು ಅವನು ನನಗೆ ಮಾತನ್ನೇ ಕೊಡಲಿಲ್ಲ. ಒಂದು ಸ್ಟೂಲ್ ಇಟ್ಟು, ಏಳೂ ಜನ ಹೇಗೆ ಕೂರುತ್ತಾರೆ ತೋರಿಸು ಎಂದ.

ಅಲ್ಲಿಂದ ಒಬ್ಬೊಬ್ಬರೇ ಬಂದರು. ಭೀಮಣ್ಣ ಕೂರುವಾಗ ತಲೆ ತಗ್ಗಿಸುತ್ತಾನೆ. ಕೆಳಗಿನ ಮಂಚದಲ್ಲಿ 22 ವರ್ಷ ಮಲಗಿದವನು, ಬಯಲಲ್ಲಿ ಕೂತರೂ ಮೇಲೆ ಹಲಗೆ ಇದೆ ಅನ್ನುವ ಹಾಗೆ. ಶೀನ ಒದ್ದೆ ಇಲ್ಲದಿದ್ದರೂ ಹೆಗಲ ಬೈರಾಸಿಗೆ ಕೈ ಒರೆಸುತ್ತಾನೆ. ಇಬ್ರಾಹಿಂ ಮಾತಿನ ನಡುವೆ ಕಣ್ಣನ್ನು ಬಲಕ್ಕೆ, ಸ್ವಲ್ಪ ಮೇಲಕ್ಕೆ ಹಾಯಿಸುತ್ತಾನೆ. ಅಲ್ಲಿ ಅವನ ಗಾಡಿಯ ಕನ್ನಡಿ ಇದೆ. ಹುಡುಗ ಕೋಣೆಯೊಳಗೂ ಬೂಟು ಬಿಚ್ಚಿಲ್ಲ. ಅಕೌಂಟೆಂಟ್ ಕೂರುವುದೇ ಇಲ್ಲ. ಇಷ್ಟು ಬಂದ ಮೇಲೆ ದನಿಯನ್ನು ಹುಡುಕಬೇಕಾಗಿ ಬರಲಿಲ್ಲ. ತಗ್ಗಿದ ಕುತ್ತಿಗೆಯಿಂದ ಬರುವ ದನಿಯೇ ಬೇರೆ.

ಭಾಷೆಯದು ಇನ್ನೊಂದು ಕಷ್ಟ. ಕರಾವಳಿಯವನು ಬಾಯಿ ತೆರೆದರೆ ಸಭೆ ನಗಬೇಕು ಎಂದು ನಮ್ಮ ಸಿನಿಮಾಗಳು ತೀರ್ಮಾನಿಸಿಬಿಟ್ಟಿವೆ. 'ಎಂತದು ಮಾರಾಯ್ರೆ' ಎಂದರೆ ಸಾಕು, ಸೀಟಿ. ಉತ್ತರ ಕರ್ನಾಟಕ ಎಂದರೆ ಎಲ್ಲರಿಗೂ ಒಂದೇ ಧಾರವಾಡದ 'ಐತಿ'. ರಾಯಚೂರು ಕಡೆಯವರು 'ಅದ' ಅನ್ನುತ್ತಾರೆ, ಸ್ವಾಮಿ! ಒಂದು ಅಕ್ಷರದ ಸಂಗತಿ ಅನ್ನಿಸಬಹುದು. ಆದರೆ ಮೂರನೇ ಸಾಲಿನಲ್ಲಿ ಕೂತ ಲಿಂಗಸುಗೂರಿನವನಿಗೆ ಭೀಮಣ್ಣ ತನ್ನವನೋ ವೇಷಧಾರಿಯೋ ಎಂದು ಗೊತ್ತಾಗುವುದು ಆ ಅಕ್ಷರದಲ್ಲೇ. ಪ್ರತಿ ಪಾತ್ರದ ಮಾತನ್ನೂ ಆಯಾ ಊರಿನವರಿಂದ ಓದಿಸಿ ಫೋನಿನಲ್ಲಿ ಮುದ್ರಿಸಿಕೊಂಡೆ. ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್ಕಿಗೆ ನಾನು ಋಣಿ. ಬೆಳಿಗ್ಗೆ ಶೀನ, ಸಂಜೆ ಭೀಮಣ್ಣ. ಪಕ್ಕದ ಕಾರಿನವರು ಏನೆಂದುಕೊಂಡರೋ.

ಈಗ ಲೆಕ್ಕದ ದೃಶ್ಯಕ್ಕೆ ಬರುತ್ತೇನೆ. ಭೀಮಣ್ಣನ ಸಂಬಳ 1,800 ದಿರ್ಹಮ್, ಅದರಲ್ಲಿ ಮೂಲ ವೇತನ 900. ಗ್ರಾಚ್ಯುಯಿಟಿ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ಆಮೇಲಿನ ಹದಿನೇಳು ವರ್ಷಕ್ಕೆ ವರ್ಷಕ್ಕೆ 30 ದಿನ. ಒಟ್ಟು 615 ದಿನ, ದಿನಕ್ಕೆ 30 ದಿರ್ಹಮ್. ಹದಿನೆಂಟು ಸಾವಿರದ ನಾನೂರ ಐವತ್ತು. ಲೆಕ್ಕ ಸರಿಯಾಗಿದೆ, ಒಂದು ಫಿಲ್ಸ್ ಆಚೀಚೆ ಇಲ್ಲ.

ಈ ದೃಶ್ಯ ಓದಿದವರೆಲ್ಲ ಅಕೌಂಟೆಂಟನ್ನು ಖಳನಾಯಕ ಮಾಡಿ ಎಂದರು. ನಾನು ಒಪ್ಪಲಿಲ್ಲ. ಅವನ ಕೆಲಸ ನನಗೆ ಗೊತ್ತು. ಅವನ ಚೀಲದಲ್ಲಿ ಅವತ್ತು ಇನ್ನೂ ಹನ್ನೊಂದು ಕಾಗದಗಳಿವೆ. ಅವನು ಕಟುಕನಾದರೆ ಸಭೆಗೆ ಬೈಯಲು ಒಬ್ಬ ಸಿಗುತ್ತಾನೆ, ಬೈದು ನಿರಾಳವಾಗಿ ಊಟಕ್ಕೆ ಹೋಗುತ್ತಾರೆ. ಅವನು ಸಂಖ್ಯೆಯನ್ನು ಮೆತ್ತಗೆ, ತಪ್ಪಿಲ್ಲದೆ ಓದುತ್ತಾನೆ, ಅಷ್ಟೆ.

ಓದುವ ಬಾಯಿ ನನ್ನದು, ಕೇಳಬೇಕಾದ ಕಿವಿಯೂ ನನ್ನದೇ. ಏಕವ್ಯಕ್ತಿ ನಾಟಕದಲ್ಲಿ ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದು ಕಷ್ಟ. ಇನ್ನೊಬ್ಬ ನಟನಿದ್ದರೆ ಅವನ ಮುಖದ ಮೇಲೆ ಆ ಸಂಖ್ಯೆ ಬೀಳುತ್ತಿತ್ತು. ಇಲ್ಲಿ ನಾನು ಅತ್ತ ತಿರುಗುವುದರೊಳಗೆ ಅದು ಆರಿಹೋಗುತ್ತದೆ. ಒಂದು ತಿಂಗಳು ಈ ಅರ್ಧ ನಿಮಿಷಕ್ಕೇ ಹೋಯಿತು. ಕೊನೆಗೆ ನಿರ್ದೇಶಕ ಒಂದು ಕಾಗದ ಕೊಟ್ಟ. ಅಕೌಂಟೆಂಟ್ ಅದನ್ನು ಚಾಚುತ್ತಾನೆ. ಕೈ ಚಾಚಿದಲ್ಲೇ ಇರುತ್ತದೆ, ಮೈ ಮಾತ್ರ ನಿಧಾನ ಸುತ್ತಿ ಸ್ಟೂಲಿಗೆ ಇಳಿಯುತ್ತದೆ, ತಲೆ ತಗ್ಗುತ್ತದೆ. ಕೊಟ್ಟ ಕೈಯೇ ಈಗ ತೆಗೆದುಕೊಂಡ ಕೈ. ಭೀಮಣ್ಣ ಅದನ್ನು ಓದದೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಡುತ್ತಾನೆ.

ಇದನ್ನು ಒಂದು ಕ್ಯಾಂಪಿನ ಕೋಣೆಯಲ್ಲಿ ಎಂಟು ಜನರ ಮುಂದೆ ಆಡಿದೆ. ಮುಗಿದ ಮೇಲೆ ರಾಯಚೂರು ಕಡೆಯ ಒಬ್ಬ ಹಿರಿಯರು, ಮಂಚದ ಮೇಲಿಂದಲೇ, "ಸರ, ಕಾಗದ ಮಡಚೂಕಿಂತ ಮೊದಲ ಅಂವ ಒಂದ ಮಾತು ಕೇಳ್ತಾನ್ರಿ" ಎಂದರು. ಏನು ಎಂದೆ. "ರೊಕ್ಕ ಯಾವಾಗ ಬರ್ತದ, ಅಂತ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವತ್ತೇ ಆ ಮಾತು ನಾಟಕಕ್ಕೆ ಸೇರಿತು. ಅಕೌಂಟೆಂಟಿನ ಉತ್ತರ ಕಾನೂನಿನಲ್ಲೇ ಇದೆ, 14 ದಿನದೊಳಗೆ. ಭೀಮಣ್ಣನ ವಿಮಾನ ನಾಳೆ. ಈಗ ಆ ಜಾಗದಲ್ಲಿ ನಾನು ಏನೂ ಅಭಿನಯಿಸುವುದಿಲ್ಲ. ಕೇಳುತ್ತೇನೆ, ಉತ್ತರ ಕೊಡುತ್ತೇನೆ, ಮಡಚುತ್ತೇನೆ.

ಹೆಂಡತಿ ಯಲ್ಲಮ್ಮ ಫೋನ್ ಎತ್ತಿದ ಕೂಡಲೇ "ಉಂಡ್ರೇನು?" ಅನ್ನುತ್ತಾಳೆ. ಅವಳು ಸುಲಭವಾಗಿ ಬಂದಳು. ನಮ್ಮೆಲ್ಲರ ಫೋನಿನಲ್ಲೂ ಆ ದನಿ ಇದೆ. ಮಗಳು ಮಾತ್ರ ಇನ್ನೂ ಬಂದಿಲ್ಲ. ಹತ್ತೊಂಬತ್ತು ವರ್ಷದವಳು. ಅಪ್ಪ ಎಂದರೆ ಅವಳಿಗೆ ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು, ಉಳಿದಂತೆ ಫೋನು. ನಾಳೆ ಅವನು ಪೂರ್ತಿಯಾಗಿ ಬರುತ್ತಿದ್ದಾನೆ ಎಂದಾಗ ಅವಳು ಏನನ್ನುತ್ತಾಳೆ? ನಾನು ಬರೆದ ನಾಲ್ಕು ಸಾಲೂ ನನ್ನ ಸಾಲುಗಳೇ, ಅವಳವಲ್ಲ. ಸದ್ಯಕ್ಕೆ ಅವಳ ಜಾಗದಲ್ಲಿ ಫೋನನ್ನು ಕಿವಿಗಿಟ್ಟು ಸುಮ್ಮನೆ ನಿಲ್ಲುತ್ತಿದ್ದೇನೆ.

ಪ್ರದರ್ಶನಕ್ಕೆ ಇನ್ನು ಆರು ವಾರ ಇದೆ. ಫೋನಿನಲ್ಲೇ ಮಗಳನ್ನು ಬೆಳೆಸಿದವರು ಇಲ್ಲಿ ಬಹಳ ಜನ ಇದ್ದೀರಿ. ಊಟದ ಹೊತ್ತಿಗೆ ನಾನು ಬಾಗಿಲ ಪಕ್ಕದ ಮೇಜಿನ ಹತ್ತಿರ ಇರುತ್ತೇನೆ. ಟ್ಯಾಕ್ಸ್ ಕೇಳುವವರು ಸ್ವಲ್ಪ ಕಾಯಿರಿ, ನೀವು ಮೊದಲು ಬನ್ನಿ.