ಮಣ್ಣಿನ ನಂದಿಯೂ ಹೆಸರರಿಯದ ದಾರಿಗನೂ

 

ಈ ಮಹೋತ್ಸವದ ಜ್ಞಾಪಕಾರ್ಥವಾಗಿ ಹಿತ್ತಾಳೆಯ ನಂದಿಗಳನ್ನು ಎರಕ ಹೊಯ್ಯಿಸಿ, ಪೀಠದಲ್ಲಿ ದಾನಿಗಳ ನಾಮಧೇಯಗಳನ್ನು ಕೊರೆಯಿಸಿ, ಬಂದವರಿಗೆ ಹಂಚಬೇಕೆಂದು ಕೆಲವರು ಭಕ್ತರು ಸೂಚಿಸಿರುವರು. ಅವರ ಭಕ್ತಿಯಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಆದರೆ ಮಾತನಾಡೆಂದು ಅಪ್ಪಣೆಯಾಗಿರುವುದರಿಂದ ನನ್ನ ಮನಸ್ಸಿನಲ್ಲಿರುವುದನ್ನು ಬಿನ್ನವಿಸುತ್ತೇನೆ. ನಮ್ಮ ಪಾಠಶಾಲೆಯ ವಟುಗಳೂ ಇಷ್ಟವುಳ್ಳ ಭಕ್ತರೂ ಅಂಗೈಯಲ್ಲಿ ಹಿಡಿಯುವಷ್ಟು ಮಣ್ಣಿನ ನಂದಿಗಳನ್ನು ತಮ್ಮ ಕೈಯಾರೆ ಮಾಡಿ, ದಾರಿಯ ಕಟ್ಟೆಗಳ ಮೇಲೆ, ಬಸ್ಸು ನಿಲ್ಲುವ ನೆರಳಿನಲ್ಲಿ ಇಟ್ಟು, ಯಾರು ಒಯ್ದರೆಂದು ತಿರುಗಿ ನೋಡದೆ ಬರಲಿ ಎಂಬುದೇ ನನ್ನ ವಿಜ್ಞಾಪನೆ.

ಇದು ಹೊಸ ಸಂಗತಿಯೇನೂ ಅಲ್ಲ. ಉತ್ತರ ಕರ್ನಾಟಕದ ರೈತನು ಜ್ಯೇಷ್ಠ ಬಹುಳ ಅಮಾವಾಸ್ಯೆಯಂದು ಮಣ್ಣೆತ್ತುಗಳನ್ನು ಜಗಲಿಯ ಮೇಲಿಟ್ಟು, ಮುಂದೆ ಮಣ್ಣಿನದೇ ಗೋದಲಿಯನ್ನು ಮಾಡಿ ಪೂಜಿಸುವನು. ಬಿತ್ತನೆಯ ಕಾಲದಲ್ಲಿ ತನ್ನೊಡನೆ ದುಡಿಯುವ ಪ್ರಾಣಿಗೆ ಸಲ್ಲಿಸುವ ಮರ್ಯಾದೆಯದು. ಎತ್ತನ್ನು ಬಸವನೆಂದು ಕರೆಯುವ ನಾಡಿದು. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣದಲ್ಲಿ ಬಸವಣ್ಣನವರು ನಂದಿಯ ಅವತಾರವೆಂದೇ ವರ್ಣಿತರಾಗಿರುವರು. (ಅಮಾವಾಸ್ಯೆಯ ಎತ್ತುಗಳನ್ನು ಕುಂಬಾರರ ಮನೆಯಿಂದಲೇ ತರತಕ್ಕದ್ದು. ನಾವು ಮಾಡುವುದು ಬೇರೆ ಕೆಲಸ. ಅವರ ಕಾಯಕಕ್ಕೆ ನಮ್ಮಿಂದ ನಷ್ಟವೊದಗಬಾರದು. ಕುಂಬಾರ ಗುಂಡಯ್ಯನವರ ಮಡಕೆಯ ನಾದಕ್ಕೆ ಶಿವನೇ ಕುಣಿದನೆಂದು ಹರಿಹರನ ರಗಳೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಇಲ್ಲಿ ಒಂದು ಆಕ್ಷೇಪವು ಬಂದೇ ಬರುವುದು. ಇಷ್ಟಲಿಂಗನಿಷ್ಠರಾದ ನಾವು ಮಣ್ಣಿನ ಮೂರ್ತಿಯನ್ನು ಮಾಡಿ ಬೀದಿಯಲ್ಲಿಟ್ಟರೆ, ಶರಣರು ನಿರಾಕರಿಸಿದ್ದನ್ನೇ ಮತ್ತೆ ತಂದಂತಾಗಲಿಲ್ಲವೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಇಷ್ಟಲಿಂಗವು ಶ್ರೀಗುರುಹಸ್ತದಿಂದ ಕರಸ್ಥಲಕ್ಕೆ ಬಂದದ್ದು. ಅದು ಅಂಗದಿಂದ ಅಗಲತಕ್ಕದ್ದಲ್ಲ, ಪರರಿಗೆ ಬಿಟ್ಟುಬರತಕ್ಕದ್ದಂತೂ ಅಲ್ಲವೇ ಅಲ್ಲ. ಆದಕಾರಣ ಲಿಂಗಾಕಾರವನ್ನು ಯಾರೂ ಮಾಡಕೂಡದು. ನಂದಿಯನ್ನಾದರೂ ಪ್ರತಿಷ್ಠೆಮಾಡದೆ, ಕುಂಕುಮ ಹಚ್ಚದೆ, ಬರಿಯ ಕೈಗೆಲಸವಾಗಿ ಇಡಬೇಕು. ಅದನ್ನು ಸುಡಲೂಬಾರದು. ಸುಟ್ಟ ಮೂರ್ತಿಯು ಕಟ್ಟೆಯ ಮೇಲೆ ಬಹುಕಾಲ ನಿಂತರೆ, ಯಾರೋ ಒಬ್ಬರು ದೀಪ ಹಚ್ಚುವರು, ಇನ್ನೊಬ್ಬರು ಮಾಡು ಕಟ್ಟುವರು, ಮೂರನೆಯವರು ಕಾಣಿಕೆಯ ಡಬ್ಬಿಯನ್ನು ತಂದಿಡುವರು! ಹಸಿಮಣ್ಣಿನದಾದರೆ ಯಾರೂ ಒಯ್ಯದಿದ್ದಲ್ಲಿ ಒಂದು ಮಳೆಗೆ ಕರಗಿ ನೆಲವನ್ನು ಸೇರುವುದು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟರಿನ ಬೊಂಬೆಗೆ ಈ ಸದ್ಗುಣವಿಲ್ಲ.

ಇನ್ನು ಹೆಸರಿನ ವಿಷಯ. ಇದನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ನಮ್ಮ ಶರಣರು ವಚನಗಳ ಕೊನೆಯಲ್ಲಿ ಏನನ್ನು ಇಟ್ಟರು? ಬಸವಣ್ಣನವರು ಕೂಡಲಸಂಗಮದೇವನ ಹೆಸರನ್ನಿಟ್ಟರು, ಅಲ್ಲಮಪ್ರಭುಗಳು ಗುಹೇಶ್ವರನ ಹೆಸರನ್ನು, ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನ ಹೆಸರನ್ನು ಇಟ್ಟರು. ನುಡಿದವರ ಹೆಸರು ಹಿಂದೆ ಸರಿದು ಒಡೆಯನ ಹೆಸರು ಮುಂದೆ ನಿಂತಿತು. ಆ ಬಳಿಕ ಆ ವಚನಗಳನ್ನು ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಪ್ರತಿಮಾಡಿದವರನ್ನು ನೆನೆಯಿರಿ. ಅವರಲ್ಲಿ ಎಷ್ಟೋ ಮಂದಿಯ ಹೆಸರು ನಮಗೆ ದೊರೆತಿಲ್ಲ. ತಮ್ಮ ಓಲೆಯನ್ನು ಯಾವ ಊರಿನ ಯಾರು ಬಿಚ್ಚುವರೆಂದು ಅವರಿಗೆ ತಿಳಿದಿತ್ತೆ? ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿದ್ದ ಆ ಕಟ್ಟುಗಳನ್ನು ಹುಡುಕಿ, ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಹೆಸರರಿಯದವರು ಹೆಸರರಿಯದವರಿಗೆ ಇಟ್ಟುಹೋದದ್ದನ್ನು ನಾವು ಇಂದು ಉಣ್ಣುತ್ತಿರುವೆವು. ಇಂಥ ಮಠದ ಉತ್ಸವದಲ್ಲಿ ನಂದಿಯ ಪಾದದಡಿ ನಮ್ಮ ಹೆಸರನ್ನು ಕೊರೆಯಿಸುವುದು ನನಗೇಕೋ ಒಪ್ಪದು.

ಹಾಗಾದರೆ ಪೇಟೆಯಲ್ಲಿ ಕೊಂಡುತಂದು ಇಟ್ಟರಾಗದೆ ಎಂದು ಒಬ್ಬ ಶ್ರೀಮಂತ ಭಕ್ತರು ವಿನಯದಿಂದಲೇ ಕೇಳಿದರು. ಆಯ್ದಕ್ಕಿ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದುಬರುವಂತೆ ಹೇಳಿದರಷ್ಟೆ. ತನ್ನ ದುಡಿಮೆ ಬೆರೆಯದ ವಸ್ತುವು ದಾನವಾದೀತು, ದಾಸೋಹವಾಗದು. ವಕ್ರವಾದರೂ ಚಿಂತೆಯಿಲ್ಲ, ಕೈಯಲ್ಲಿ ಮಾಡಿದ್ದೇ ಬೇಕು.

ಮಾಡುವ ಕ್ರಮವು ಸುಲಭ. ಕೆರೆಯಂಗಳದ ಜಿಗುಟು ಮಣ್ಣನ್ನು ಒಣಗಿಸಿ ಕುಟ್ಟಿ, ಜರಡಿಹಿಡಿದು ಹರಳು ತೆಗೆದು, ಒಂದು ರಾತ್ರಿ ನೆನೆಯಿಡಬೇಕು. ಬಿರುಕು ಬಿಡದಂತೆ ಸ್ವಲ್ಪ ಹತ್ತಿಯ ಎಳೆಯನ್ನು ಬೆರೆಸಿ ಚೆನ್ನಾಗಿ ನಾದಬೇಕು. ಒಂದೇ ಉಂಡೆಯಿಂದ ಮೈಯನ್ನೂ ಮಡಿಸಿದ ಕಾಲುಗಳನ್ನೂ ಎಬ್ಬಿಸುವುದು ಲೇಸು. ಕೋಡನ್ನೂ ಹಿಣಿಲನ್ನೂ ಬೇರೆಯಾಗಿ ಅಂಟಿಸುವುದಾದರೆ ಎರಡು ಕಡೆಯೂ ಗೀರಿ, ನೀರುಮಣ್ಣು ಸವರಿ ಒತ್ತಬೇಕು, ಇಲ್ಲವಾದರೆ ಒಣಗಿದಾಗ ಕಳಚಿಬೀಳುವುವು. ಗಂಗೆದೊಗಲನ್ನು ಹೆಬ್ಬೆರಳಿನಿಂದ ಎಳೆದರೆ ಸಾಕು. ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಹೊರಮೈ ಬೇಗ ಬಿಗಿದು ಸೀಳುವುದು. ಕಣ್ಣಿಗೆ ಗುಲಗಂಜಿಯನ್ನು ಇಡಬೇಕೆಂದು ಹುಡುಗರು ಆಸೆಪಡುವರು, ನೋಡಲು ಅದು ಚೆಂದವೇ ಸರಿ. ಆದರೆ ಅದರ ಬೀಜವು ವಿಷ, ಅಗಿದರೆ ಪ್ರಾಣಕ್ಕೇ ಅಪಾಯ. ನಮ್ಮ ನಂದಿಯು ಯಾರ ಮಗುವಿನ ಕೈಗೆ ಸೇರುವುದೋ ಬಲ್ಲವರಾರು? ಜೋಳದ ಕಾಳನ್ನೇ ಇಡಿ. ಬಣ್ಣ ಬೇಡ.

ದೇವಾಲಯದ ಒಳಗಾಗಲಿ, ಅನ್ಯರ ಹೊಲದ ಬದುವಿನಲ್ಲಾಗಲಿ ಇಡಕೂಡದು. ಗಾಡಿ ಹಾಯುವಲ್ಲಿಯೂ ಬೇಡ. ಕುಳಿತು ದಣಿವಾರಿಸಿಕೊಳ್ಳುವ ಸ್ಥಳವೇ ತಕ್ಕದ್ದು. ಮರೆಯಲ್ಲಿ ನಿಂತು ನೋಡುವ ಚಪಲ ಹುಡುಗರಿಗೆ ಇದ್ದೇ ಇರುತ್ತದೆ, ದೊಡ್ಡವರಿಗೂ ಇಲ್ಲದಿಲ್ಲ. ಜೊತೆಗೆ ಹೋದವರು ಅವರನ್ನು ಬೇಗನೆ ಕರೆದುಕೊಂಡು ಬರತಕ್ಕದ್ದು.

ಶ್ರೀಗಳವರು ಸಮ್ಮತಿಸಿದ್ದಾರೆ. ಮಣ್ಣನ್ನು ಗೋಶಾಲೆಯ ಹಿಂದೆ ನೆನೆಹಾಕಿಸಿದೆ. ನಾಳೆ ಪ್ರಾತಃಕಾಲ ಲಿಂಗಪೂಜೆ, ಪ್ರಸಾದಗಳು ಮುಗಿದ ಮೇಲೆ ಕೆಲಸವು ಆರಂಭವಾಗುವುದು. ಹಿತ್ತಾಳೆಗೆಂದು ಹಣ ಕೊಡಲು ಮುಂದೆ ಬಂದ ಮಹನೀಯರು ಅದನ್ನು ವಟುಗಳ ಪುಸ್ತಕಗಳಿಗೆ ಕೊಡಬಹುದು. ನಾಳೆ ಮಾತ್ರ ಅವರು ಹಳೆಯ ಧೋತ್ರವನ್ನುಟ್ಟು ಬರಬೇಕಾಗಿ ಬೇಡುತ್ತೇನೆ.