ಬಸ್‌ಸ್ಟ್ಯಾಂಡ್ ಗೋಡೆ ಯಾರನ್ನ ಕರೀತಿದೆ?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಅಡುಗೆಮನೆ ಡಬ್ಬಿಗೆ ಫೋನ್ ಒರಗಿಸಿಟ್ಟು ಕೇಳ್ತಿರೋರಿಗೆ, ತೋಟದ ಲೈನ್‌ಮನೆ ಜಗಲೀಲಿ ಎರಡು ಕಡ್ಡಿ ನೆಟ್‌ವರ್ಕ್ ಹಿಡ್ಕೊಂಡು ಕೇಳ್ತಿರೋರಿಗೆ, ಎಲ್ರಿಗೂ ಸ್ವಾಗತ. ಇವತ್ತು ಸಿನಿಮಾ ಪೋಸ್ಟರ್ ಬಗ್ಗೆ ಮಾತಾಡೋಣ. ಅದು ಜನರನ್ನ ಹೇಗೆ ಕರೆಯುತ್ತೆ, ಯಾರನ್ನ ಕರೆಯುತ್ತೆ, ಯಾರನ್ನ ಕರೆಯೋದೇ ಇಲ್ಲ ಅನ್ನೋದು ವಿಷಯ.

ಮೊದಲು ನಮ್ಮ ಕಡೆಯ ಒಂದು ಸತ್ಯ. ಸಕಲೇಶಪುರ, ಆಲೂರು ಸುತ್ತಮುತ್ತ ಸಿನಿಮಾ ನೋಡೋರಿಗಿಂತ ಪೋಸ್ಟರ್ ನೋಡೋರೇ ಜಾಸ್ತಿ. ಹೆತ್ತೂರು, ಯಸಳೂರು, ಮಗ್ಗೆ, ಪಾಳ್ಯ ಈ ಕಡೆಗೆಲ್ಲ ಸಂಜೆ ಬಸ್ ತಪ್ಪಿದ್ರೆ ಮನೆ ಸೇರೋದು ಕಷ್ಟ. ಮೇಲಾಗಿ ಆನೆ. ಕತ್ತಲಾದ ಮೇಲೆ ತೋಟದ ರಸ್ತೇಲಿ ಒಬ್ಬೊಬ್ಬರೇ ಓಡಾಡೋ ಹಾಗಿಲ್ಲ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಬೆಳಿಗ್ಗೆಯಿಂದ ಕಾಫಿ ಹಣ್ಣು ಕೊಯ್ದು ಬಂದ ಹೆಂಗಸಿಗೆ ಸೆಕೆಂಡ್ ಶೋ ಅನ್ನೋದು ಬೇರೆ ಊರಿನ ಮಾತು. ಆದ್ರೆ ಅದೇ ಹೆಂಗಸು ಸಂತೆಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಅಂತ ಬಂದಾಗ ಬಸ್‌ಸ್ಟ್ಯಾಂಡಲ್ಲಿ ಅರ್ಧ ಗಂಟೆ ನಿಂತಿರ್ತಾರೆ. ಎದುರಿನ ಗೋಡೇಲಿ ಪೋಸ್ಟರ್ ಇರುತ್ತೆ.

ಸಿನಿಮಾಗೆ ಟಿಕೆಟ್ ಬೇಕು, ಪೋಸ್ಟರ್‌ಗೆ ಬೇಡ. ಸಿನಿಮಾಗೆ ಸೆನ್ಸಾರ್ ಮಂಡಳಿ ‘ಯು’, ‘ಯುಎ’, ‘ಎ’ ಅಂತ ಸರ್ಟಿಫಿಕೇಟ್ ಕೊಡುತ್ತೆ. ‘ಎ’ ಸಿನಿಮಾಗೆ ಹದಿನೆಂಟು ತುಂಬದವರನ್ನ ಒಳಗೆ ಬಿಡೋ ಹಾಗಿಲ್ಲ. ಅದೇ ಸಿನಿಮಾದ ಪೋಸ್ಟರನ್ನ ಒಂದನೇ ಕ್ಲಾಸಿನ ಮಗು ದಿನಾ ನೋಡ್ಕೊಂಡು ಸ್ಕೂಲಿಗೆ ಹೋಗುತ್ತೆ. ಅಂದ್ರೆ ಎಷ್ಟೋ ಜನರ ಪಾಲಿಗೆ ಪೋಸ್ಟರೇ ಸಿನಿಮಾ. ಅದರಲ್ಲಿ ಹೆಣ್ಣು ಹೇಗಿದ್ದಾಳೋ, ಸಿನಿಮಾ ಪ್ರಪಂಚದಲ್ಲಿ ಹೆಣ್ಣು ಹಾಗೇ ಅಂತ ಲೆಕ್ಕ.

ಈಗ ಪೋಸ್ಟರ್ ಕೆಲಸ ಮಾಡೋದು ಹೇಗೆ ನೋಡೋಣ. ನಾನು ಬಿ.ಕಾಂ. ಓದಿದವನು, ಮಾರ್ಕೆಟಿಂಗ್ ಪೇಪರ್‌ನಲ್ಲಿ ‘ಐಡಾ’ ಅಂತ ಒಂದು ಸೂತ್ರ ಇತ್ತು. ಮೊದಲು ಗಮನ ಸೆಳಿ, ಆಮೇಲೆ ಕುತೂಹಲ ಹುಟ್ಟಿಸು, ಆಮೇಲೆ ಬೇಕು ಅನ್ನಿಸು, ಕೊನೆಗೆ ಜೇಬಿಗೆ ಕೈ ಹಾಕಿಸು. ಪೋಸ್ಟರ್‌ಗೆ ಈ ನಾಲ್ಕೂ ಕೆಲಸ ಮಾಡೋಕೆ ಇರೋ ಟೈಮು, ಬಸ್ಸು ಒಂದು ತಿರುವು ದಾಟೋವಷ್ಟು ಮಾತ್ರ. ಅದಕ್ಕೇ ದೊಡ್ಡ ಮುಖ, ನಮ್ಮನ್ನೇ ದಿಟ್ಟಿಸೋ ಕಣ್ಣು, ಕಪ್ಪಿನ ಮೇಲೆ ಕೆಂಪು ಅಥವಾ ಹಳದಿ, ದಪ್ಪ ಅಕ್ಷರದ ಹೆಸರು. ಕೆಳಗೆ ‘ಭರ್ಜರಿ 2ನೇ ವಾರ’ ಅಥವಾ ‘ಸಕುಟುಂಬ ಸಮೇತ ನೋಡಿ’.

ಈ ‘ಸಕುಟುಂಬ ಸಮೇತ’ ಅನ್ನೋದು ಸುಮ್ನೆ ಅಲಂಕಾರಕ್ಕೆ ಬರೆದಿದ್ದಲ್ಲ. ಅದು ವಿಳಾಸ. ಯಾರಿಗೆ ಈ ಕಾಗದ ಬರೆದಿದ್ದೇವೆ ಅಂತ ಹೇಳೋ ವಿಳಾಸ. ಪೋಸ್ಟರ್ ಒಂದು ಆಮಂತ್ರಣ ಪತ್ರಿಕೆ ಇದ್ದ ಹಾಗೆ. ಮದುವೆ ಕಾಗದದಲ್ಲಿ ಹೆಸರಿಲ್ಲದ ಮನೆಯವರು ಮದುವೆಗೆ ಹೋಗ್ತಾರಾ?

ಇವತ್ತು ಆ ವಿಳಾಸ ಹೆಚ್ಚಾಗಿ ಯುವಕರದ್ದು. ಯಾಕೆ? ಮೊದಲ ಮೂರು ದಿನದ ಕಲೆಕ್ಷನ್. ಶುಕ್ರವಾರ ಬೆಳಿಗ್ಗೆ ಶೋಗೆ ಓಡೋರು ಹುಡುಗರು, ಫ್ಯಾನ್ಸು. ಪಟಾಕಿ, ಕಟೌಟಿಗೆ ಹಾಲು ಎಲ್ಲ ಅವರದ್ದೇ. ಹಾಗಾಗಿ ಪೋಸ್ಟರ್ ಅವರ ಜೊತೆ ಮಾತಾಡುತ್ತೆ. ನಿರ್ಮಾಪಕರನ್ನ ಕೇಳಿದ್ರೆ ಹೆಣ್ಣಿನ ಮುಖ ಇಟ್ರೆ ಓಪನಿಂಗ್ ಬರಲ್ಲ ಅಂತಾರೆ.

ಈ ಮಾತು ನಿಜಾನಾ? ಲೆಕ್ಕದ ಪುಸ್ತಕ ಸ್ವಲ್ಪ ಹಿಂದಕ್ಕೆ ತಿರುಗಿಸೋಣ.

ಕನ್ನಡದ ಮೊದಲ ಮಾತಿನ ಸಿನಿಮಾ 1934ರ ‘ಸತಿ ಸುಲೋಚನ’. ಹೆಸರೇ ಹೆಣ್ಣಿನದ್ದು. ಆದ್ರೆ ಹೆಸರಿನ ಮುಂದೆ ‘ಸತಿ’ ಇದೆ, ಯಾವ ತರದ ಹೆಣ್ಣು ಅಂತ ಬಾಗಿಲಲ್ಲೇ ಹೇಳಿಬಿಡುತ್ತೆ. 1971ಕ್ಕೆ ಬನ್ನಿ. ತ್ರಿವೇಣಿ ಅವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’. ಮನಸ್ಸಿನ ಕಾಯಿಲೆಯಿಂದ ವಾಸಿಯಾಗಿ ಬಂದ ಹೆಣ್ಣನ್ನ ಮನೆಯವರು, ಊರಿನವರು ಬದುಕೋಕೆ ಬಿಡದ ಕಥೆ. ಕಲ್ಪನಾ ಅನ್ನೋ ಹೆಸರಿಗೇ ಜನ ಬರ್ತಿದ್ದ ಕಾಲ ಅದು. ಥಿಯೇಟರ್‌ಗಳಲ್ಲಿ ಹೆಂಗಸರಿಗೇ ಅಂತ ಬೇರೆ ಟಿಕೆಟ್ ಕೌಂಟರ್ ಇರ್ತಿತ್ತು, ನಿಮ್ಮ ಅಜ್ಜಿಯನ್ನ ಕೇಳಿ ನೋಡಿ.

1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂತು, ಮಾಲಾಶ್ರೀ ಬಂದ್ರು. ಆಮೇಲೆ ‘ಎಸ್.ಪಿ. ಭಾರ್ಗವಿ’, 2004ರಲ್ಲಿ ‘ದುರ್ಗಿ’. ಸಿನಿಮಾ ಹೆಸರೂ ಅವರ ಪಾತ್ರದ್ದೇ, ಹೊಡೆದಾಟವೂ ಅವರದ್ದೇ. ವಿಷಲ್ ಹೊಡೆದೋರಲ್ಲಿ ಗಂಡಸರೂ ಇದ್ರು. ಇನ್ನೊಂದು ಕಡೆ 2002ರ ‘ತವರಿಗೆ ಬಾ ತಂಗಿ’. ಹೆಸರೇ ಆಮಂತ್ರಣ. ಹೆಂಗಸರು ಸೀರೆ ಸೆರಗಲ್ಲಿ ಕಣ್ಣೊರೆಸಿಕೊಂಡು ನೋಡಿದ ಸಿನಿಮಾ. ಅಲ್ಲಿ ಹೆಣ್ಣು ಅಳಬೇಕು ಅನ್ನೋ ಷರತ್ತು ಇತ್ತು ಅಂತ ನಾವು ಟೀಕೆ ಮಾಡಬಹುದು. ಆದ್ರೂ ಹೆಂಗಸರು ಗಿರಾಕಿಗಳು, ಅವರನ್ನ ಕರೀಬೇಕು ಅನ್ನೋದು ಇಂಡಸ್ಟ್ರಿಗೆ ಗೊತ್ತಿತ್ತು. ಹೆಣ್ಣಿನ ಮುಖಕ್ಕೆ ಮಾರ್ಕೆಟ್ ಇಲ್ಲ ಅನ್ನೋದು ಹಳೇ ಸತ್ಯ ಏನಲ್ಲ. ಇತ್ತೀಚೆಗೆ ಮಾಡ್ಕೊಂಡ ತೀರ್ಮಾನ.

ಈಗ ನಮ್ಮ ಜಿಲ್ಲೆಗೇ ಬರೋಣ. 2018ರ ಡಿಸೆಂಬರ್. ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಯಶ್ ಅವರ ‘ಕೆಜಿಎಫ್’ ಬಂತು. ನಮಗೆಲ್ಲ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆ ಕಥೆ ಓಡೋದೇ ತಾಯಿಗೆ ಕೊಟ್ಟ ಮಾತಿನ ಮೇಲೆ. ತಾಯಿ ಇಲ್ಲದಿದ್ರೆ ರಾಕಿ ಇಲ್ಲ. ಆದ್ರೆ ನಿಮ್ಮ ನೆನಪಲ್ಲಿರೋ ಪೋಸ್ಟರ್ ಯಾವುದು? ಅದರಲ್ಲಿ ತಾಯಿ ಇದ್ದಾಳಾ? ಅದೇ ಡಿಸೆಂಬರ್‌ನಲ್ಲಿ ಮಂಸೋರೆ ಅವರ ‘ನಾತಿಚರಾಮಿ’ಯೂ ಬಂತು. ಗಂಡನನ್ನ ಕಳ್ಕೊಂಡ ಯುವತಿಯ ಮನಸ್ಸು, ದೇಹ, ಆಸೆ ಇವುಗಳ ಬಗ್ಗೆ ನೇರವಾಗಿ ಮಾತಾಡಿದ ಸಿನಿಮಾ, ಐದು ರಾಷ್ಟ್ರಪ್ರಶಸ್ತಿ ಪಡೀತು. ಈ ಎರಡರಲ್ಲಿ ಯಾವುದರ ಪೋಸ್ಟರನ್ನ ನಿಮ್ಮೂರ ಗೋಡೇಲಿ ನೋಡಿದ್ರಿ ಅಂತ ನೀವೇ ನೆನಪು ಮಾಡ್ಕೊಳ್ಳಿ.

ಇನ್ನೊಂದು ಉದಾಹರಣೆ ಹಾಸನದ್ದೇ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನ ಗಿರೀಶ್ ಕಾಸರವಳ್ಳಿ 2004ರಲ್ಲೇ ‘ಹಸೀನಾ’ ಅಂತ ಸಿನಿಮಾ ಮಾಡಿದ್ರು. ಗಂಡ ಬಿಟ್ಟುಹೋದ ಮೇಲೆ ನ್ಯಾಯ ಕೇಳೋ ಹೆಂಗಸಿನ ಕಥೆ. ತಾರಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಬೂಕರ್ ಬಂದಾಗ ಸ್ಟೇಟಸ್ ಹಾಕಿದ ನಮ್ಮ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಈ ಸಿನಿಮಾ ಇದೆ ಅಂತ ಗೊತ್ತಿತ್ತು?

ಸರಿ, ಪೋಸ್ಟರಲ್ಲಿ ಹೆಣ್ಣು ಇದ್ದಾಗ ಹೇಗಿರ್ತಾಳೆ? 1970ರ ದಶಕದಲ್ಲಿ ಅರ್ವಿಂಗ್ ಗಾಫ್‌ಮನ್ ಅನ್ನೋ ಸಮಾಜಶಾಸ್ತ್ರಜ್ಞ ನೂರಾರು ಜಾಹೀರಾತು ಚಿತ್ರಗಳನ್ನ ಗುಡ್ಡೆ ಹಾಕ್ಕೊಂಡು ಒಂದು ಕೆಲಸ ಮಾಡಿದ್ರು. ಯಾರು ಎತ್ತರದಲ್ಲಿದ್ದಾರೆ, ಯಾರ ತಲೆ ವಾಲಿದೆ, ಯಾರ ಕೈ ವಸ್ತುವನ್ನ ಗಟ್ಟಿಯಾಗಿ ಹಿಡಿದಿದೆ, ಯಾರ ಕೈ ಸುಮ್ನೆ ಸವರ್ತಿದೆ ಅಂತ ನೋಡಿದ್ರು. ಗಂಡು ಮೇಲೆ, ಹೆಣ್ಣು ಕೆಳಗೆ. ಗಂಡಿನ ಕೈ ಹಿಡಿಯುತ್ತೆ, ಹೆಣ್ಣಿನ ಕೈ ಮುಟ್ಟುತ್ತೆ ಅಷ್ಟೇ. ಗಂಡು ಎಚ್ಚರವಾಗಿರ್ತಾನೆ, ಹೆಣ್ಣು ಎಲ್ಲೋ ನೋಡ್ತಾ ಕಳೆದುಹೋಗಿರ್ತಾಳೆ. ಅಮೆರಿಕದ ಸೋಪು, ಸಿಗರೇಟು ಜಾಹೀರಾತಿನ ಬಗ್ಗೆ ಹೇಳಿದ ಮಾತು ಇವತ್ತಿನ ನಮ್ಮ ಪೋಸ್ಟರ್‌ಗೂ ಎಷ್ಟು ಹೊಂದುತ್ತೆ ಅಂತ ನೋಡಿ. ಹೀರೋ ಕೈಯಲ್ಲಿ ಮಚ್ಚು, ಹೀರೋಯಿನ್ ಕೈಯಲ್ಲಿ ಹೀರೋ ಭುಜ.

ಇದೆಲ್ಲ ಗೋಡೆ ಮಾತು. ನಿಮ್ಮ ಕೈಯಲ್ಲಿರೋ ಗೋಡೆ ಬೇರೆ, ಅದು ಫೋನು. ಥಂಬ್‌ನೇಲ್ ಅಂದ್ರೆ ಇವತ್ತಿನ ಪೋಸ್ಟರು. ವ್ಯತ್ಯಾಸ ಇಷ್ಟೇ, ಬಸ್‌ಸ್ಟ್ಯಾಂಡಲ್ಲಿ ಎಲ್ರಿಗೂ ಒಂದೇ ಪೋಸ್ಟರ್. ಫೋನಲ್ಲಿ ಒಬ್ಬೊಬ್ಬರಿಗೆ ಒಂದೊಂದು. ನೋಡುಗರ ಅಭ್ಯಾಸ ಗಮನಿಸಿ ಒಂದೇ ಸಿನಿಮಾಗೆ ಬೇರೆ ಬೇರೆ ಚಿತ್ರ ತೋರಿಸ್ತೀವಿ ಅಂತ ನೆಟ್‌ಫ್ಲಿಕ್ಸ್ 2017ರಲ್ಲೇ ಬಹಿರಂಗವಾಗಿ ಬರೆದಿತ್ತು. ನೀವು ಯಾವುದನ್ನ ಒತ್ತುತ್ತೀರೋ ಅದೇ ತರದ್ದು ಮತ್ತೆ ಬರುತ್ತೆ.

ಸುದ್ದಿ ವಿಡಿಯೋಗಳೂ ಇದೇ ದಾರಿ ಹಿಡಿದಿವೆ. ಕೆಂಪು ಬಾಣ, ಹಳದಿ ಅಕ್ಷರ, ಅಳ್ತಿರೋ ಹೆಣ್ಣಿನ ಮುಖ. ದೌರ್ಜನ್ಯದ ಸುದ್ದಿ ಅಂದ್ರೆ ಮಂಡಿ ಮಧ್ಯೆ ಮುಖ ಮುಚ್ಚಿಕೊಂಡ ಹುಡುಗಿಯ ನೆರಳು. ತಪ್ಪು ಮಾಡಿದವನ ಚಿತ್ರ ಇಲ್ಲ, ನಾಚಿಕೆ ಪಡ್ತಿರೋಳು ಹುಡುಗಿ. ಇದು ಬರೀ ಚಿತ್ರದ ಪ್ರಶ್ನೆ ಅಲ್ಲ ಅಂತ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. 2024ರ ಏಪ್ರಿಲ್‌ನಲ್ಲಿ ಹೆಣ್ಣುಮಕ್ಕಳ ಖಾಸಗಿ ವಿಡಿಯೋಗಳು ಪೆನ್‌ಡ್ರೈವ್‌ನಲ್ಲಿ ಊರೂರು ಸುತ್ತಿದವು, ಮುಖ ಮಸುಕು ಮಾಡದೆ. ಹಂಚಿದವರಿಗೆ ಅದು ಚುನಾವಣೆ. ನೋಡಿದವರಿಗೆ ಕುತೂಹಲ. ಅದರಲ್ಲಿದ್ದವರಿಗೆ ಮನೆ, ಊರು, ಬದುಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡೋದು ಕಾನೂನಿನ ಪ್ರಕಾರ ಅಪರಾಧ. ಆದ್ರೆ ಫಾರ್ವರ್ಡ್ ಬಟನ್ ಒತ್ತೋ ಬೆರಳಿಗೆ ಕಾನೂನು ನೆನಪಾಗಲ್ಲ. ಹೆಣ್ಣಿನ ಚಿತ್ರ ಅಂದ್ರೆ ಜನ ಸೇರಿಸೋ ಸಾಮಾನು ಅಂತ ಗೋಡೆಯಿಂದಲೇ ಕಲಿತ ಬೆರಳು ಅದು.

ಹಾಗಂತ ಪೋಸ್ಟರ್ ಹರೀರಿ ಅಂತ ನಾನು ಹೇಳ್ತಿಲ್ಲ. ಸ್ತ್ರೀಯರ ಅಶ್ಲೀಲ ಚಿತ್ರಣ ತಡೆಯೋಕೆ 1986ರಿಂದಲೇ ಕಾಯ್ದೆ ಇದೆ, ಅತಿರೇಕಕ್ಕೆ ಅದು ಸಾಕು. ನಾನು ಕೇಳ್ತಿರೋದು ವ್ಯಾಪಾರದ ಪ್ರಶ್ನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್‌ಸ್ಟ್ಯಾಂಡಲ್ಲಿ ಹೆಂಗಸರು ಎಷ್ಟಿದ್ದಾರೆ ಅಂತ ಕಣ್ಣಿಗೇ ಕಾಣುತ್ತೆ. ಬಸ್ ಚಾರ್ಜ್ ಉಳಿದಿದೆ. ಕಾಲೇಜು ಹುಡುಗಿಯರಿದ್ದಾರೆ, ತೋಟದ ಕೆಲಸದವರಿದ್ದಾರೆ, ಸಂಘದ ಅಕ್ಕಂದಿರಿದ್ದಾರೆ. ಎದುರಿಗೇ ನಿಂತಿರೋ ಗಿರಾಕಿಗೆ ಬೆನ್ನು ಹಾಕಿ ಅಂಗಡಿ ನಡೆಸ್ತೀರಾ? ಒಂದು ಭಾನುವಾರ ಮಧ್ಯಾಹ್ನದ ಶೋ, ಸಂಜೆ ಬಸ್ಸಿಗೆ ಮುಂಚೆ ಮುಗಿಯೋ ಹಾಗೆ, ಪೋಸ್ಟರಲ್ಲಿ ಆ ಟೈಮು ದೊಡ್ಡದಾಗಿ. ಇಷ್ಟು ಮಾಡಿ ನೋಡಲಿ.

ಕೇಳುಗರಿಗೆ ಈ ವಾರದ ಕೆಲಸ ನಾಲ್ಕು ಪ್ರಶ್ನೆ. ಎದುರಿಗೆ ಬಂದ ಮೊದಲ ಪೋಸ್ಟರ್ ಅಥವಾ ಥಂಬ್‌ನೇಲ್ ನೋಡಿ. ಹೆಣ್ಣು ಇದ್ದಾಳಾ? ಇದ್ರೆ ಯಾರನ್ನ ನೋಡ್ತಿದ್ದಾಳೆ? ಅವಳ ಕೈ ಏನು ಮಾಡ್ತಿದೆ? ಅವಳನ್ನ ತೆಗೆದುಬಿಟ್ರೆ ಕಥೆ ಬದಲಾಗುತ್ತಾ? ನಿಮ್ಮ ಉತ್ತರ ವಾಯ್ಸ್ ನೋಟಲ್ಲಿ ಕಳಿಸಿ, ಮುಂದಿನ ಎಪಿಸೋಡಲ್ಲಿ ಹಾಕ್ತೀನಿ. ಹುಡುಗರೂ ಕಳಿಸಿ, ಯಾಕಂದ್ರೆ ಈಗಿರೋ ಆಮಂತ್ರಣ ನಿಮ್ಮ ಹೆಸರಿಗೇ ಬರ್ತಿದೆ.

ಸಿಗೋಣ.